ಬಳ್ಳಾರಿಗೆ ರಾಜ್ಯಶಾಸ್ತ್ರ ಓದೋಕೆ ಬರೋ ಮಂಡ್ಯದವರಿಗೆ

ಬಿಸಿಲಿನ ಮಾತು ಬಿಡ್ರಿ, ಅದನ್ನ ನಿಮಗೆ ಆಗಲೇ ಹತ್ತು ಜನ ಹೇಳಿರ್ತಾರೆ. ನೀವು ಮೊದಲು ನೋಡಬೇಕಾದ್ದು ಸೀಟಿನ ಲೆಕ್ಕ. ಇಲ್ಲಿ ಹಾಸ್ಟೆಲ್ಲಿನ ಹುಡುಗರು ಸಂವಿಧಾನದ ಬೇರೆ ವಿಧಿ ಮರೆತರೂ 371(ಜೆ) ಮರೆಯಲ್ಲ. 98ನೇ ತಿದ್ದುಪಡಿಯಿಂದ ಬಂದ ಈ ವಿಧಿ ಜಾರಿಯಾಗಿದ್ದು 2013ರಲ್ಲಿ. ಅದರ ಪ್ರಕಾರ ಈ ಕಲ್ಯಾಣ ಕರ್ನಾಟಕ (ಹಳೇ ಹೈದರಾಬಾದ್ ಕರ್ನಾಟಕ) ಭಾಗದ ವಿಶ್ವವಿದ್ಯಾಲಯಗಳಲ್ಲಿ ಶೇ. 70ರಷ್ಟು ಸೀಟು ಸ್ಥಳೀಯರಿಗೆ. ನೀವು ಮಂಡ್ಯದವರು, ಉಳಿದಿದ್ದರಲ್ಲಿ ಪೈಪೋಟಿ ಮಾಡಬೇಕು. ಅನ್ಯಾಯ ಅನ್ನಿಸಬಹುದು. ಆದ್ರೆ ನಮ್ಮೂರಲ್ಲಿ ವಿಶ್ವವಿದ್ಯಾಲಯ ಅಂತ ಒಂದು ಆಗಿದ್ದೇ 2010ರಲ್ಲಿ; ಮೈಸೂರಿನಲ್ಲಿ 1916ರಿಂದ ಐತೆ.

ಇದರಲ್ಲೊಂದು ತಮಾಷೆ ಐತ್ರಿ. ರಾಯಚೂರು, ಕೊಪ್ಪಳದವರು 1948ರ ತನಕ ನಿಜಾಮನ ಆಳ್ವಿಕೆಯಲ್ಲಿದ್ದರು. ಬಳ್ಳಾರಿಯನ್ನ ನಿಜಾಮ 1800ರಲ್ಲೇ ಇಂಗ್ಲಿಷರಿಗೆ ಬಿಟ್ಟುಕೊಟ್ಟಿದ್ದ, ನಾವು ಮದರಾಸಿನ ಕಡೆಯವರು. ಹಂಗಾಗಿ ರಾಯಚೂರಿನ ಗೆಳೆಯರು ಕಾಡಿಸ್ತಾರೆ: "ನಿಜಾಮನ ಕಡೆಯ ರಜಾಕಾರರ ಪಡೆಯ ಕಾಟ ನಮಗೆ, 371(ಜೆ) ಸರ್ಟಿಫಿಕೇಟ್ ನಿಮಗೂ ಏನಲೇ?" ಉತ್ತರ ಕೊಡೋಕೆ ನಮಗೂ ಕಷ್ಟಾನೇ. ಹಿಂದುಳಿದಿರುವಿಕೆಗೆ ನಿಜಾಮ ಒಬ್ಬನೇ ಕಾರಣ ಅಲ್ಲ ಅಂತ ವಾದ ಮಾಡ್ತೀವಿ, ಒಗ್ಗರಣಿ-ಮಿರ್ಚಿ ಮುಗಿಯೋತನಕ.

ನಮ್ಮ ಹಬ್ಬದ ದಿನ ಬೇರೆ, 1953ರ ಅಕ್ಟೋಬರ್ 1. ಅವತ್ತು ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಗಡಿ ಆ ಕಡೆ ಹೋಯ್ತು ಅಂತ ಬೀಗತನ ಬಿಡೋಕಾಗುತ್ತಾ? ಇವತ್ತಿಗೂ ಹೆಣ್ಣು ಕೊಡೋದು, ತರೋದು ನಡೀತೈತೆ. ಅಂಗಡಿಯಲ್ಲಿ ನೀವು ಕನ್ನಡದಲ್ಲಿ ಕೇಳಿದ್ದಕ್ಕೆ ತೆಲುಗಿನಲ್ಲಿ ಉತ್ತರ ಬಂದರೆ ಬೇಜಾರಾಗಬ್ಯಾಡ್ರಿ. ಅದೇ ಮನುಷ್ಯ ಮನೆಯಲ್ಲಿ ವಚನ ಹೇಳ್ತಿರ್ತಾನೆ.

ಒಕ್ಕೂಟ ವ್ಯವಸ್ಥೆ ಅನ್ನೋ ಪಾಠಕ್ಕೆ ನಿಮ್ಮ ಕಡೆ ಕಾವೇರಿ ಉದಾಹರಣೆ ಕೊಟ್ಟಿರ್ತಾರೆ. ಇಲ್ಲಿ ಬಂದಮೇಲೆ ತುಂಗಭದ್ರಾ ನೋಡ್ರಿ. ಅಣೆಕಟ್ಟೆ ಇರೋದು ಹೊಸಪೇಟೆ ಹತ್ರ, ನೀರಿನ ಲೆಕ್ಕ ಇಡೋದು ತುಂಗಭದ್ರಾ ಮಂಡಳಿ. ಅದರಲ್ಲಿ ಕರ್ನಾಟಕ, ಆಂಧ್ರ, ತೆಲಂಗಾಣ ಮೂರೂ ಕೂತಿರ್ತಾವೆ, ಅಧ್ಯಕ್ಷರನ್ನ ಕಳಿಸೋದು ಕೇಂದ್ರ. 2024ರ ಆಗಸ್ಟ್‌ನಲ್ಲಿ 19ನೇ ಗೇಟು ಕೊಚ್ಚಿಹೋದಾಗ ಗಡಿಯ ಎರಡೂ ಕಡೆ ರೈತರು ಭತ್ತದ ಚಿಂತೆಗೆ ಬಿದ್ದರು. ಕಿರುಪ್ರಬಂಧಕ್ಕೆ ವಿಷಯ ಹುಡುಕ್ತಿದ್ದರೆ ಇದನ್ನ ಹಿಡೀರಿ. 1999ರ ಸೋನಿಯಾ-ಸುಷ್ಮಾ ಚುನಾವಣೆ, ಗಣಿ ಹಗರಣ ಎರಡನ್ನೂ ಎಲ್ಲರೂ ಬರೆದು ಸವೆಸಿದ್ದಾರೆ.

ಕನ್ನಡದಲ್ಲಿ ಬರೆದು ಪಾಸಾಗೋಕೆ ತೊಂದರೆ ಇಲ್ಲ. ಲೆಕ್ಚರರ್ ಆಗೋ ಆಸೆ ಇದ್ದರೆ ಮಾತ್ರ ಇಂಗ್ಲಿಷ್ ಪುಸ್ತಕಕ್ಕೂ ಮೊದಲ ಸೆಮಿಸ್ಟರಿನಿಂದಲೇ ಕೈ ಹಾಕ್ರಿ: ನೆಟ್ ಪರೀಕ್ಷೆಯಲ್ಲಿ ರಾಜ್ಯಶಾಸ್ತ್ರದ ಪ್ರಶ್ನೆಗಳು ಬರೋದು ಇಂಗ್ಲಿಷ್, ಹಿಂದಿ ಎರಡರಲ್ಲೇ.