ತುಮಕೂರಿನ ಸೈಬರ್ ಸೆಂಟರ್‌ನಲ್ಲಿ ಕಂಪ್ಯೂಟರ್ ಬಳಸಲು ಆಧಾರ್ ಕೊಡಲೇಬೇಕಾ?

ಗುರುತಿನ ಚೀಟಿ ತೋರಿಸಬೇಕು, ಆಧಾರೇ ಆಗಬೇಕು ಅಂತೇನಿಲ್ಲ. 2011ರ ಸೈಬರ್ ಕೆಫೆ ನಿಯಮದ ಪ್ರಕಾರ ವೋಟರ್ ಐಡಿ, ಡಿಎಲ್, ಪ್ಯಾನ್, ಕಾಲೇಜಿನ ಐಡಿ ಕಾರ್ಡ್ ಕೂಡ ನಡೆಯುತ್ತದೆ. ನಿಮ್ಮ ಹೆಸರು, ವಿಳಾಸ, ಫೋನ್ ನಂಬರ್, ಯಾವ ಸಿಸ್ಟಮ್‌ನಲ್ಲಿ ಎಷ್ಟು ಹೊತ್ತಿಗೆ ಕೂತು ಎದ್ದಿರಿ, ಅಷ್ಟೇ ಅಲ್ಲ, ಯಾವ ವೆಬ್‌ಸೈಟ್ ನೋಡಿದಿರಿ ಅನ್ನುವುದನ್ನೂ ಅವರು ಕನಿಷ್ಠ 1 ವರ್ಷ ಇಟ್ಟುಕೊಳ್ಳಬೇಕು. ಇದು ಜಾಸ್ತಿಯಾಯ್ತು ಅಂತಲೇ ನನಗನ್ನಿಸುತ್ತದೆ, ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ ಅಲ್ವಾ.

ಜೆರಾಕ್ಸ್ ಇಟ್ಟುಕೊಳ್ಳಲೂ ನಿಯಮದಲ್ಲಿ ಅವಕಾಶವಿದೆ. ಆದರೆ ಬಿ.ಎಚ್. ರಸ್ತೆಯ ಒಂದು ಅಂಗಡಿಯಲ್ಲಿ ಯಾರದ್ದೋ ಆಧಾರ್ ಜೆರಾಕ್ಸ್ ಹಿಂದೆಯೇ ಲೆಕ್ಕ ಬರೆಯುತ್ತಿದ್ದರು! ಆಧಾರೇ ಕೊಡುವುದಾದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ, ಅದರ ಮೇಲೆ ತಾರೀಖು, ಯಾಕೆ ಕೊಟ್ಟಿದ್ದು ಅಂತ ಬರೆದು ಸಹಿ ಹಾಕಿ. ಸುಮ್ನೆ ಅಂಗಡಿಯವರ ವಾಟ್ಸಾಪ್‌ಗೆ ಫೋಟೋ ಕಳಿಸಬೇಡಿ.