ಮೀಟರ್ 12 ವೋಲ್ಟ್ ತೋರಿಸುತ್ತದೆ, ಆದರೂ ದೋಣಿಯ ಹಿಂದಿನ ದೀಪ ಹತ್ತುತ್ತಿಲ್ಲ. ಸ್ವಿಚ್ ಬದಲಿಸಬೇಕಾ?

ನಿಮ್ಮ ಸಮಸ್ಯೆಯನ್ನು ಒಮ್ಮೆ ಚಿಕ್ಕದಾಗಿ ಹೇಳಿಬಿಡುತ್ತೇನೆ, ಓದುವ ಬೇರೆಯವರಿಗೂ ಗೊತ್ತಾಗಲಿ. 16 ಅಡಿಯ ಮೋಟಾರ್ ದೋಣಿ. ಮುಂದಿನ ಕೆಂಪು-ಹಸಿರು ದೀಪ ಚೆನ್ನಾಗಿ ಹತ್ತುತ್ತದೆ. ಹಿಂದೆ ಕಂಬದ ಮೇಲಿರುವ ಬಿಳಿ ದೀಪ ಹತ್ತುವುದಿಲ್ಲ. ಸ್ವಿಚ್ಚನ್ನು ಲಂಗರಿನ ದೀಪದ ಕಡೆಗೆ ಒತ್ತಿದರೂ ಅಷ್ಟೇ. ಬಲ್ಬ್ ಬದಲಿಸಿದ್ದೀರಿ, ಫ್ಯೂಸ್ ಬದಲಿಸಿದ್ದೀರಿ. ಕಂಬ ಕಿತ್ತು ಸಾಕೆಟ್ಟಿಗೆ ಮೀಟರ್ ಹಿಡಿದರೆ 12.4 ವೋಲ್ಟ್ ಬರುತ್ತಿದೆ. ಈಗ ಹೊಸ ಸ್ವಿಚ್ ತರಬೇಕಾ ಅಂತ ಕೇಳಿದ್ದೀರಿ.

ಸದ್ಯಕ್ಕೆ ಬೇಡ. ಈ ದೋಣಿಗಳಲ್ಲಿ ಸಾಮಾನ್ಯವಾಗಿ ಮೂರು ಸ್ಥಾನದ ಸ್ವಿಚ್ ಇರುತ್ತದೆ. ಒಂದು ಕಡೆ ಒತ್ತಿದರೆ ಮುಂದಿನ ದೀಪ, ಹಿಂದಿನ ದೀಪ ಎರಡೂ. ಇನ್ನೊಂದು ಕಡೆ ಒತ್ತಿದರೆ ಹಿಂದಿನದು ಮಾತ್ರ, ಅದು ಲಂಗರು ಹಾಕಿ ನಿಂತಾಗ. ನಡುವೆ ಆಫ್. ಲಂಗರಿನ ಕಡೆಗೆ ಒತ್ತಿದಾಗ ಬಿಳಿ ದೀಪ ಹತ್ತಿ, ಇನ್ನೊಂದು ಕಡೆಗೆ ಒತ್ತಿದಾಗ ಹತ್ತದಿದ್ದರೆ ಸ್ವಿಚ್ಚಿನ ಮೇಲೋ, ಅದರ ಹಿಂದಿರುವ ತುಂಡು ವೈರಿನ ಮೇಲೋ ಅನುಮಾನ ಪಡಬಹುದಿತ್ತು. ನಿಮ್ಮಲ್ಲಿ ಎರಡೂ ಕಡೆ ಇಲ್ಲ. ಎರಡು ಸಂಪರ್ಕಗಳು ಒಟ್ಟಿಗೇ ಕೆಡುವುದು ಅಪರೂಪ. ಮುಂದಿನ ದೀಪ ಹತ್ತುತ್ತಿದೆ ಅಂದರೆ ಬ್ಯಾಟರಿ, ಫ್ಯೂಸ್, ಸ್ವಿಚ್ಚಿನವರೆಗಿನ ವೈರು ಎಲ್ಲಾ ಸರಿ ಇವೆ. ತೊಂದರೆ ಇರುವುದು ಸ್ವಿಚ್ಚಿನಿಂದ ಹಿಂದಿನ ದೀಪದವರೆಗಿನ ದಾರಿಯಲ್ಲಿ, ಇಲ್ಲವೇ ಅಲ್ಲಿಂದ ವಾಪಸ್ ಬರುವ ನೆಗೆಟಿವ್ ದಾರಿಯಲ್ಲಿ. ನನ್ನ ಅನುಮಾನ ಜಾಸ್ತಿ ನೆಗೆಟಿವ್ ಮೇಲೆ. ಅದನ್ನು ಯಾರೂ ಮೊದಲು ನೋಡುವುದಿಲ್ಲ.

ಹಾಗಾದರೆ ಆ 12.4 ವೋಲ್ಟ್ ಎಲ್ಲಿಂದ ಬಂತು? ಡಿಜಿಟಲ್ ಮೀಟರ್ ವೋಲ್ಟ್ ಅಳೆಯುವಾಗ ಹೆಚ್ಚುಕಡಿಮೆ ಕರೆಂಟನ್ನೇ ಎಳೆಯುವುದಿಲ್ಲ. ಅದರ ಒಳಗಿನ ರೆಸಿಸ್ಟೆನ್ಸ್ ಸಾಮಾನ್ಯವಾಗಿ 10 ಮೆಗಾಓಮ್. ಎಲ್ಲೋ ಒಂದು ಜಾಯಿಂಟ್ ಕಿಲುಬು ಹಿಡಿದು 200 ಓಮ್ ಆಗಿದ್ದರೂ ಮೀಟರಿಗೆ ಅದು ಲೆಕ್ಕಕ್ಕೇ ಇಲ್ಲ, ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಆದರೆ 10 ವಾಟ್ ಬಲ್ಬಿಗೆ ಸುಮಾರು 0.8 ಆಂಪಿಯರ್ ಬೇಕು. 200 ಓಮ್ ದಾಟಿ ಬರುವುದು ಹೆಚ್ಚೆಂದರೆ 0.06. ಬಲ್ಬ್ ಮಿಣುಕುವುದೂ ಇಲ್ಲ. ಖಾಲಿ ಕೊಡವನ್ನು ಹಳೇ ಹಗ್ಗವೂ ಎತ್ತುತ್ತದೆ, ನೀರು ತುಂಬಿದ ಮೇಲೆ ತಾನೇ ಹಗ್ಗದ ಯೋಗ್ಯತೆ ಗೊತ್ತಾಗುವುದು? ಹಾಗಾಗಿ ಬಲ್ಬ್ ಕಿತ್ತಿಟ್ಟು ಅಳೆಯಬೇಡಿ. ಲೋಡ್ ಇರುವಾಗಲೇ, ಅಂದರೆ ಬಲ್ಬ್ ಸಿಕ್ಕಿಸಿ ಸ್ವಿಚ್ ಆನ್ ಇರುವಾಗಲೇ ಅಳೆಯಿರಿ.

ಮೊದಲು ಕಂಬವನ್ನು ಈ ಲೆಕ್ಕದಿಂದ ಹೊರಗಿಡೋಣ. ಎರಡು ತುಂಡು ವೈರು ತಗೊಂಡು, ಪಾಸಿಟಿವ್ ಕಡೆಗೆ 5 ಆಂಪಿಯರ್ ಫ್ಯೂಸ್ ಸೇರಿಸಿ, ಕಂಬದ ಕೆಳಗಿನ ಪಿನ್ನುಗಳಿಗೆ ಬ್ಯಾಟರಿಯಿಂದ ನೇರವಾಗಿ ಕೊಡಿ. ಹತ್ತಿದರೆ ಕಂಬ ಸರಿ ಇದೆ. ಹತ್ತದಿದ್ದರೆ ಪಿನ್ನು, ಕಂಬದೊಳಗಿನ ವೈರು, ಬಲ್ಬ್ ಕೂರುವ ಹೋಲ್ಡರಿನ ಸ್ಪ್ರಿಂಗ್ ನೋಡಿ. ಹೊಸ ಬಲ್ಬ್ ಅಂದಮಾತ್ರಕ್ಕೆ ಅದು ಹೋಲ್ಡರಿಗೆ ಸರಿಯಾಗಿ ತಾಗುತ್ತಿದೆ ಅಂತ ಅರ್ಥ ಅಲ್ಲ. ಹಾಕಿರುವುದು ಎಲ್‌ಇಡಿ ಬಲ್ಬ್ ಆಗಿದ್ದರೆ ಪ್ಲಸ್-ಮೈನಸ್ ಅದಲುಬದಲು ಮಾಡಿಯೂ ನೋಡಿ. ಕೆಲವು ಎಲ್‌ಇಡಿಗಳು ತಿರುಗಾಮುರುಗಾ ಕೊಟ್ಟರೆ ಹತ್ತುವುದೇ ಇಲ್ಲ. ಈ ಕಿಡಿ ಹಾರುವ ಕೆಲಸವನ್ನು ಪೆಟ್ರೋಲ್ ಟ್ಯಾಂಕ್ ಇರುವ ಮುಚ್ಚಿದ ಜಾಗದಲ್ಲಿ ಮಾತ್ರ ಮಾಡಬೇಡಿ. ಮುಚ್ಚಳ ತೆಗೆದು ಚೆನ್ನಾಗಿ ಗಾಳಿ ಆಡಲು ಬಿಡಿ.

ಕಂಬ ಸರಿ ಇದ್ದರೆ ಅದನ್ನು ಸಾಕೆಟ್ಟಿಗೆ ಸಿಕ್ಕಿಸಿ, ಸ್ವಿಚ್ ಆನ್ ಮಾಡಿ. ಸಾಕೆಟ್ಟಿನ ಹಿಂಬದಿಗೆ ಕೈ ಹೋಗುವಂತೆ ಮಾಡಿಕೊಂಡು ಅಲ್ಲಿನ ಎರಡು ತುದಿಗಳ ನಡುವೆ ಅಳೆಯಿರಿ. ಈಗ ಆ 12.4 ಜಾರಿ 1ಕ್ಕೋ 2ಕ್ಕೋ ಬಂದಿರುತ್ತದೆ ಅಂತ ನನ್ನ ಊಹೆ. 12ರ ಆಸುಪಾಸಿನಲ್ಲೇ ನಿಂತಿದ್ದರೆ ವೈರು ನಿರಪರಾಧಿ, ಸಾಕೆಟ್ಟಿನ ಒಳಗೆ ಪಿನ್ ಕೂರುವ ಜಾಗವೇ ಕೆಟ್ಟಿದೆ.

ಬಿದ್ದಿದ್ದರೆ ಯಾವ ಕಡೆ ಅಂತ ಹುಡುಕಬೇಕು. ಮೀಟರಿನ ಕಪ್ಪು ಕಡ್ಡಿಗೆ ಉದ್ದ ವೈರು ಕಟ್ಟಿ ಬ್ಯಾಟರಿಯ ನೆಗೆಟಿವ್ ತುದಿಗೆ ಹಾಕಿ. ಕೆಂಪು ಕಡ್ಡಿಯನ್ನು ಸಾಕೆಟ್ಟಿನ ನೆಗೆಟಿವ್ ತುದಿಗೆ ಮುಟ್ಟಿಸಿ. ಸ್ವಿಚ್ ಆನ್ ಇರಲಿ, ಕಂಬ ಸಾಕೆಟ್ಟಿನಲ್ಲೇ ಇರಲಿ. ಒಳ್ಳೆಯ ವೈರಾದರೆ 0.1, 0.2 ವೋಲ್ಟ್ ಬರಬೇಕು. 9, 10 ಬಂತು ಅಂದರೆ ಕಳ್ಳ ಸಿಕ್ಕ ಹಾಗೆ, ನೆಗೆಟಿವ್ ದಾರಿ ತುಂಡಾಗಿದೆ. ಅಲ್ಲಿಂದ ಒಂದೊಂದೇ ಜಾಯಿಂಟ್ ಮುಟ್ಟುತ್ತಾ ಬ್ಯಾಟರಿ ಕಡೆಗೆ ಬನ್ನಿ. ಯಾವ ಎರಡು ಜಾಗಗಳ ನಡುವೆ ಆ ಅಂಕಿ ದಢಕ್ಕನೆ ಇಳಿಯುತ್ತದೋ ತೊಂದರೆ ಅಲ್ಲೇ. ನೆಗೆಟಿವ್ ಸರಿ ಇದ್ದರೆ ಇದೇ ಆಟವನ್ನು ಬ್ಯಾಟರಿಯ ಪಾಸಿಟಿವ್‌ನಿಂದ ಸಾಕೆಟ್ಟಿನ ಪಾಸಿಟಿವ್‌ವರೆಗೆ ಆಡಿ. ಸಣ್ಣ ದೋಣಿಗಳ ವೈರಿಂಗಿಗೆ ಅಮೆರಿಕದಲ್ಲಿ ಬಳಸುವ ಎಬಿವೈಸಿ ಮಾನದಂಡದ ಪ್ರಕಾರ ಈ ದೀಪಗಳಿಗೆ ಹೋಗಿಬರುವ ಪೂರ್ತಿ ದಾರಿಯಲ್ಲಿ 3%ಗಿಂತ ಜಾಸ್ತಿ ವೋಲ್ಟೇಜ್ ಕಳೆಯಬಾರದು. 12 ವೋಲ್ಟಿಗೆ ಅದು 0.36. ಸುಮ್ನೆ ಹಾಕಿದ ಅಂಕಿ ಅಲ್ಲ ಅದು. ತಂತಿ ಬಲ್ಬಿನಲ್ಲಿ ವೋಲ್ಟೇಜ್ 10% ಇಳಿದರೆ ಬೆಳಕು ಸುಮಾರು 30% ಇಳಿಯುತ್ತದೆ.

ನಾನು ಬಿಚ್ಚಿ ನೋಡಿದ ಇಂಥ ದೋಣಿಗಳಲ್ಲಿ ಹೆಚ್ಚಿನ ಸಲ ಸಿಕ್ಕಿದ್ದು ಒಂದೇ ಥರದ ದೃಶ್ಯ. ಸಾಕೆಟ್ಟಿನ ಹಿಂದೆ ಕಪ್ಪು ಟೇಪ್ ಸುತ್ತಿದ ಗಂಟು. ಹೊರಗಿಂದ ಒಣಗಿ ಸರಿಯಾಗೇ ಕಾಣುತ್ತದೆ. ಟೇಪ್ ಬಿಚ್ಚಿದರೆ ಒಳಗೆ ಹಸಿರು ಪುಡಿ, ಸ್ವಲ್ಪ ಎಳೆದರೆ ವೈರಿನ ತುದಿಗೆ ಒತ್ತಿ ಕೂರಿಸಿದ ಲೋಹದ ಲಗ್ ಕೈಗೇ ಬರುತ್ತದೆ. ಒಂದೆರಡು ಎಳೆ ಮಾತ್ರ ತಾಗಿಕೊಂಡಿರುತ್ತವೆ, ಮೀಟರಿಗೆ 12 ವೋಲ್ಟ್ ತೋರಿಸುವುದು ಅವೇ. ಅಲ್ಲಿಗೇ ನಿಲ್ಲಿಸಬೇಡಿ. ವೈರಿನ ಪ್ಲಾಸ್ಟಿಕ್ ಇನ್ನೂ ಒಂದಿಂಚು ಸುಲಿಯಿರಿ. ತಾಮ್ರ ಹೊಳೆದರೆ ಸರಿ. ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಸಿಗುವವರೆಗೂ ಕತ್ತರಿಸುತ್ತಾ ಹೋಗಿ. ಅರ್ಧ ಅಡಿ ಹೋದರೂ ಕಪ್ಪೇ ಇದ್ದರೆ ಇಡೀ ವೈರು ಬದಲಿಸುವುದೇ ವಾಸಿ.

ಹೊಸದಾಗಿ ಹಾಕುವಾಗ ತವರ ಲೇಪಿಸಿದ ಎಳೆಗಳ ವೈರು ಹಾಕಿ, ಮನೆಯ ವೈರಿಂಗಿನ ಗಟ್ಟಿ ತಂತಿ ಬೇಡವೇ ಬೇಡ, ಅಲುಗಾಟಕ್ಕೆ ಮುರಿಯುತ್ತದೆ. ಎಷ್ಟು ದಪ್ಪ ಅಂತ ಲೆಕ್ಕ ಹಾಕುವಾಗ ಹೋಗುವ ಉದ್ದ, ಬರುವ ಉದ್ದ ಎರಡನ್ನೂ ಸೇರಿಸಿ. ಜಾಯಿಂಟಿಗೆ ಹೀಟ್‌ಶ್ರಿಂಕ್ ಲಗ್ ಬಳಸಿ, ಅಂದರೆ ಬಿಸಿ ಮಾಡಿದರೆ ಕುಗ್ಗಿ ಹಿಡಿಯುವ, ಒಳಗೆ ಅಂಟು ಇರುವ ಕೊಳವೆಯದ್ದು. ಬಿಸಿ ಮಾಡಿದಾಗ ತುದಿಯಿಂದ ಅಂಟು ಸ್ವಲ್ಪ ಹೊರಗೆ ಇಣುಕಿದರೆ ನೀರು ಒಳಗೆ ಹೋಗುವುದಿಲ್ಲ. ಸಾಕೆಟ್ಟಿಗೆ ಬರುವ ಮುಂಚೆ ವೈರನ್ನು ಕೆಳಕ್ಕೆ ಬಳುಕಿಸಿ ಮೇಲೆ ತನ್ನಿ, ಹರಿದು ಬರುವ ನೀರು ಆ ಬಳುಕಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಎಲ್‌ಇಡಿ ಹಾಕಿದರೆ ಸರಿಹೋಗುತ್ತಾ ಅಂತ ಇನ್ನೊಬ್ಬರು ಕೆಳಗೆ ಕೇಳಿದ್ದಾರೆ. ಹತ್ತಬಹುದು, ಅದು ಎಳೆಯುವ ಕರೆಂಟ್ ತೀರಾ ಕಡಿಮೆ. ಆದರೆ ಕಿಲುಬು ಅಲ್ಲೇ ಇರುತ್ತದೆ, ಮುಂದೊಂದು ದಿನ ಅದೂ ಆರುತ್ತದೆ. ಇನ್ನೊಂದು ವಿಷಯ: ತಂತಿ ಬಲ್ಬಿಗಾಗಿ ಮಾಡಿದ ಕೆಂಪು-ಹಸಿರು ಗಾಜಿನ ಹಿಂದೆ ಸಿಕ್ಕಿದ ಬಿಳಿ ಎಲ್‌ಇಡಿ ಹಾಕಿದರೆ ಬಣ್ಣ ಬದಲಾಗಬಹುದು, ಬೆಳಕು ಹರಡುವ ಕೋನವೂ ಕೆಡಬಹುದು. ಬೇಕಿದ್ದರೆ ಪೂರ್ತಿ ದೀಪವನ್ನೇ ಎಲ್‌ಇಡಿಯದ್ದು ತಗೊಳ್ಳಿ.

ರಿಪೇರಿ ಆಗುವವರೆಗೆ ಕತ್ತಲಲ್ಲಿ ಹೊರಡಬೇಡಿ. ಕೆಂಪು, ಹಸಿರು ಎರಡೂ 112.5 ಡಿಗ್ರಿಯಂತೆ ಮುಂದಿನ 225 ಡಿಗ್ರಿಯನ್ನು ಮಾತ್ರ ತುಂಬುತ್ತವೆ. ಉಳಿದ 135 ಡಿಗ್ರಿಗೆ ನಿಮ್ಮಲ್ಲಿ ಇರುವುದು ಆ ಬಿಳಿ ದೀಪ ಒಂದೇ, ಅಂದರೆ ಹಿಂದಿನಿಂದ ವೇಗವಾಗಿ ಬರುವ ದೋಣಿಗೆ ನೀವು ಕಾಣುವುದೇ ಇಲ್ಲ. 12 ಮೀಟರಿಗಿಂತ ಚಿಕ್ಕ ದೋಣಿಯ ಬಿಳಿ ದೀಪ 2 ನಾಟಿಕಲ್ ಮೈಲಿ ದೂರಕ್ಕೆ ಕಾಣಬೇಕು ಅಂತ ಸಮುದ್ರದಲ್ಲಿ ಡಿಕ್ಕಿ ತಪ್ಪಿಸಲು ಮಾಡಿದ 1972ರ ಅಂತರರಾಷ್ಟ್ರೀಯ ನಿಯಮವೇ ಹೇಳುತ್ತದೆ.

ಲೋಡ್ ಇರುವಾಗ ಸಾಕೆಟ್ಟಿನಲ್ಲಿ ಎಷ್ಟು, ನೆಗೆಟಿವ್ ದಾರಿಯಲ್ಲಿ ಎಷ್ಟು ಅಂತ ಎರಡೇ ಅಂಕಿ ಅಳೆದು ಇಲ್ಲಿ ಬರೆಯಿರಿ. ಎಲ್ಲಿ ಬಿಚ್ಚಬೇಕು ಅಂತ ಆಮೇಲೆ ಹೇಳುತ್ತೇನೆ.