ದಾಳಿಂಬೆ ಅಂಗಮಾರಿಗೆ 'ಮಾತು ನಿಲ್ಲಿಸುವ' ಸ್ಪ್ರೇ ಬಗ್ಗೆ

ಬ್ಯಾಕ್ಟೀರಿಯಾ ಕೊಲ್ಲದೆ, ಅವುಗಳ ಮಾತುಕತೆ ಕೆಡಿಸಿ ಅಂಗಮಾರಿ ತಡೆಯುವ ಸ್ಪ್ರೇ ಹೊಸದುರ್ಗದಲ್ಲಿ ಸಿಗುತ್ತಾ ಅಂತ ಕೇಳಿದ್ದೀರಿ. ವಿಷಯ ನಿಜ. ಆದರೆ ಅದಿನ್ನೂ ಪ್ರಯೋಗದ ಹಂತದಲ್ಲೇ ಇದೆ, ಆ ಹೆಸರು ಹೇಳಿ ಯಾರಾದರೂ ಬಾಟಲಿ ಕೊಟ್ಟರೆ ದುಡ್ಡು ಕೊಡಬೇಡಿ.

ಅಂಗಮಾರಿ ತರುವುದು ಕ್ಸಾಂತೊಮೊನಾಸ್ ಎಂಬ ಬ್ಯಾಕ್ಟೀರಿಯಾ. ಈ ಗುಂಪಿನವು ಡಿಎಸ್‌ಎಫ್ ಎಂಬ ಕೊಬ್ಬಿನಾಮ್ಲವನ್ನು ತಮ್ಮೊಳಗಿನ ಸಂಕೇತವಾಗಿ ಹೊರಗೆ ಬಿಡುತ್ತವೆ. ಸಂಖ್ಯೆ ಬೆಳೆದಂತೆ ಅದೂ ಜಾಸ್ತಿಯಾಗುತ್ತದೆ. ಒಂದು ಮಟ್ಟ ಮುಟ್ಟಿದ ಮೇಲೆ ಎಲ್ಲವೂ ಒಟ್ಟಿಗೆ ಗಿಡದ ಜೀವಕೋಶದ ಗೋಡೆ ಕರಗಿಸುವ ಕಿಣ್ವ ಬಿಡುತ್ತವೆ, ಅಂಟು ಲೋಳೆ ಸುರಿಸುತ್ತವೆ. ಈ ಸಂಕೇತವನ್ನೇ ಒಡೆದುಹಾಕುವ ಬೇರೆ ಬ್ಯಾಕ್ಟೀರಿಯಾ ಸಿಕ್ಕಿವೆ, ಪ್ರಯೋಗಗಳಲ್ಲಿ ರೋಗದ ತೀವ್ರತೆ ತಗ್ಗಿದೆ. ಕೊಲ್ಲುವುದಿಲ್ಲವಾದ್ದರಿಂದ ಔಷಧಿಗೆ ಬಗ್ಗದ ತಳಿ ಹುಟ್ಟುವ ಒತ್ತಡವೂ ಕಮ್ಮಿ. ಸುಮ್ನೆ ಆಂಟಿಬಯೋಟಿಕ್ ಹೊಡೆಯುತ್ತಾ ಹೋಗುವುದಕ್ಕಿಂತ ಒಳ್ಳೆಯ ದಾರಿ ಅಲ್ವಾ? ನನಗಂತೂ ಇದರ ಮೇಲೆ ಬಹಳ ಆಸೆ ಇದೆ.

ಸದ್ಯಕ್ಕೆ ಹಳೇ ಕೆಲಸವೇ ಗತಿ. ಕಾಯಿ ಮೇಲೆ ಎಣ್ಣೆ ಹಚ್ಚಿದಂಥ ಕಪ್ಪು ಚುಕ್ಕೆ, ಅದರ ನಡುವೆ ವೈ ಅಥವಾ ಎಲ್ ಆಕಾರದ ಬಿರುಕು ಕಂಡರೆ ಕಿತ್ತು ಸುಡಿ, ಬದುವಿನ ಮೇಲೆ ಎಸೆಯಬೇಡಿ. ಒಂದು ಗಿಡ ಸವರಿದ ಮೇಲೆ ಕತ್ತರಿಯನ್ನು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಿಯೇ ಮುಂದಿನದಕ್ಕೆ ಹೋಗಿ. ಸವರಿದ ಮೇಲೆ ಶೇ. 1ರ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಬೆರೆಸಿದ್ದು) ಹೊಡೆಯಿರಿ. ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ರೋಗದ ಕಾಯಿಯನ್ನು ಕವರಿನಲ್ಲಿ ಕಟ್ಟಿಕೊಂಡು ಹೋಗಿ ತೋರಿಸಿ.